ಮತದ ಏಣಿ, ನ್ಯಾಯದ ಪೀಠ

2024ರ ನವೆಂಬರಿನಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆಯಲ್ಲಿ ಪರಾಭವಗೊಂಡಾಗ ನಮ್ಮ ದೇಶದ ಪತ್ರಿಕೆಗಳು ಆಕೆಯ ತಾಯಿಯ ಕಡೆಯ ತಮಿಳು ಮೂಲವನ್ನೂ, ತಾತನ ಊರಾದ ತುಳಸೇಂದ್ರಪುರವನ್ನೂ, ಅಲ್ಲಿಯ ದೇವಾಲಯದ ಪೂಜೆಯನ್ನೂ ಮತ್ತೆ ಮತ್ತೆ ವರ್ಣಿಸಿದವು. ಅದು ಸಹಜವೇ. ದೂರ ದೇಶದಲ್ಲಿ ಏರಿದವರು ನಮ್ಮವರೆನಿಸಿದಾಗ ಹೆಮ್ಮೆ ಮೂಡುತ್ತದೆ, ಸೋತಾಗ ಕೊಂಚ ನೋವೂ ಆಗುತ್ತದೆ. ಆದರೆ ಆಕೆ ಹತ್ತಿದ ಏಣಿಯ ಒಂದು ಮೆಟ್ಟಿಲಿನ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತೆ ಕಾಣಲಿಲ್ಲ. ಸೆನೆಟ್ ಸದಸ್ಯೆಯಾಗುವ ಮೊದಲು, 2011ರಿಂದ 2017ರವರೆಗೆ, ಆಕೆ ಕ್ಯಾಲಿಫೋರ್ನಿಯಾ ರಾಜ್ಯದ ಅಟಾರ್ನಿ ಜನರಲ್ ಆಗಿದ್ದರು. ಆ ಕುರ್ಚಿಗೆ ಒಂದು ಚರಿತ್ರೆಯಿದೆ. ಪರನಾಡಿಗೆ ಬಂದು ನೆಲೆನಿಂತ ಜನರ ಪಾಲಿಗೆ ಆ ಕುರ್ಚಿ ಒಂದು ಕಾಲದಲ್ಲಿ ಬಹಳ ಕ್ರೂರವಾಗಿತ್ತು. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಾವು ಆ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದೆಂದು ನನಗೆ ಅನ್ನಿಸಿದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲಿಗೆ ಆ ಹುದ್ದೆಯ ಸ್ವರೂಪವನ್ನು ಅರಿಯಬೇಕು. ನಮ್ಮಲ್ಲಿ ಪ್ರತಿ ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರುತ್ತಾರೆ. ಸಂವಿಧಾನದ 165ನೇ ವಿಧಿಯಂತೆ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ವಾಸ್ತವದಲ್ಲಿ ಆಳುವ ಸರ್ಕಾರ ಆರಿಸುತ್ತದೆ, ಸರ್ಕಾರ ಬದಲಾದಾಗ ಅವರೂ ಸಾಮಾನ್ಯವಾಗಿ ಬದಲಾಗುತ್ತಾರೆ. ಅವರು ಜನರ ಬಳಿ ಹೋಗಿ ಮತ ಕೇಳುವುದಿಲ್ಲ. ಅವರ ಹೆಸರು ಸಹ ಸಾಮಾನ್ಯ ಜನರಿಗೆ ತಿಳಿದಿರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ 50 ರಾಜ್ಯಗಳಲ್ಲಿ 43 ರಾಜ್ಯಗಳ ಅಟಾರ್ನಿ ಜನರಲ್‌ಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. ರಾಜ್ಯದ ಕಾನೂನಿನ ಕಾವಲುಗಾರ, ಸರ್ಕಾರದ ಪರವಾಗಿ ವಾದಿಸುವ ವಕೀಲ, ವಂಚಕ ಕಂಪನಿಗಳ ಮೇಲೆ ದಾವೆ ಹೂಡುವ ಅಧಿಕಾರಿ, ಎಲ್ಲವೂ ಆತನೇ. ಜೊತೆಗೆ ಮುಂದಿನ ಚುನಾವಣೆಯ ಅಭ್ಯರ್ಥಿಯೂ ಆತನೇ. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನಾಮಮಾತ್ರದ ಮುಖ್ಯಸ್ಥರಲ್ಲ. ಚುನಾಯಿತರಾಗಿ ರಾಜ್ಯವನ್ನಾಳುವವರು, ನಮ್ಮ ಮುಖ್ಯಮಂತ್ರಿಯಂಥವರು. ಅಟಾರ್ನಿ ಜನರಲ್ ಎಂಬವನು ಗವರ್ನರ್ ಆಗಲು ಕಾದು ಕುಳಿತವನೇ ಎಂಬ ಹಾಸ್ಯ ಅಲ್ಲಿ ಬಹಳ ಹಳೆಯದು. ಹಾಸ್ಯದಲ್ಲಿ ಸತ್ಯವೂ ಇದೆ. ಬಿಲ್ ಕ್ಲಿಂಟನ್ 1977ರಿಂದ 1979ರವರೆಗೆ ಅರ್ಕನ್ಸಾ ರಾಜ್ಯದ ಅಟಾರ್ನಿ ಜನರಲ್ ಆಗಿ, ಅಲ್ಲಿಂದ ಗವರ್ನರ್ ಆಗಿ, ಕಡೆಗೆ 1993ರಲ್ಲಿ ದೇಶದ ಅಧ್ಯಕ್ಷರಾದರು.

ಮತ ಕೇಳುವ ಕಾನೂನಿನ ಅಧಿಕಾರಿ ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. ಅದರಿಂದ ಒಳಿತೂ ಆಗಿದೆ. ತಂಬಾಕು ಕಂಪನಿಗಳಿಂದಾಗಿ ರೋಗಗ್ರಸ್ತರಾದ ಬಡವರ ಚಿಕಿತ್ಸೆಗೆ ರಾಜ್ಯ ಖರ್ಚು ಮಾಡಿದ ಹಣವನ್ನು ಆ ಕಂಪನಿಗಳೇ ಕೊಡಬೇಕೆಂದು 1994ರಲ್ಲಿ ಮೊದಲು ದಾವೆ ಹೂಡಿದವರು ಮಿಸಿಸಿಪ್ಪಿ ರಾಜ್ಯದ ಚುನಾಯಿತ ಅಟಾರ್ನಿ ಜನರಲ್ ಮೈಕ್ ಮೂರ್. ಅವರ ರಾಜ್ಯದ ಗವರ್ನರೇ ಅದನ್ನು ವಿರೋಧಿಸಿದ್ದರು. ನೇಮಕಗೊಂಡ ವಕೀಲನಾಗಿದ್ದರೆ ಮೂರ್ ಅಂದೇ ಮನೆಗೆ ಹೋಗಬೇಕಾಗುತ್ತಿತ್ತು. 1998ರಲ್ಲಿ 46 ರಾಜ್ಯಗಳೊಂದಿಗೆ ದೊಡ್ಡ ತಂಬಾಕು ಕಂಪನಿಗಳು ಮಾಡಿಕೊಂಡ ಒಪ್ಪಂದದ ಮೊತ್ತ 25 ವರ್ಷಗಳಿಗೆ 206 ಶತಕೋಟಿ ಡಾಲರು. ಜನರ ಮತದ ಬಲವಿದ್ದಾಗ ಒಬ್ಬ ಅಧಿಕಾರಿ ಧನಬಲವನ್ನು ಎದುರಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಪ್ರಶ್ನೆ ಇರುವುದು ಬೇರೆಡೆ. ಯಾರ ಕೈಯಲ್ಲಿ ಮತವಿಲ್ಲವೋ, ಇದ್ದರೂ ಯಾರ ಮತ ಎಣಿಕೆಗೆ ಸಿಗದಷ್ಟು ಕಡಿಮೆಯೋ, ಅಂಥವರ ವಿಷಯದಲ್ಲಿ ಈ ಅಧಿಕಾರಿ ಏನು ಮಾಡುತ್ತಾನೆ? ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕುರ್ಚಿಯ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

1902ರಿಂದ 1939ರವರೆಗೆ, ಬರೋಬ್ಬರಿ 37 ವರ್ಷ, ಆ ಕುರ್ಚಿಯಲ್ಲಿ ಕುಳಿತಿದ್ದವರು ಯುಲಿಸಿಸ್ ವೆಬ್. 1913ರಲ್ಲಿ ಕ್ಯಾಲಿಫೋರ್ನಿಯಾ ಅಂಗೀಕರಿಸಿದ ಪರಕೀಯರ ಭೂಮಿ ಕಾಯಿದೆಯನ್ನು ರೂಪಿಸಿದವರಲ್ಲಿ ಅವರೊಬ್ಬರು. ಅಮೆರಿಕದ ಪೌರತ್ವ ಪಡೆಯಲು ಅನರ್ಹರಾದ ಪರಕೀಯರು ಕೃಷಿಭೂಮಿಯ ಒಡೆಯರಾಗಕೂಡದು ಎಂಬುದು ಅದರ ತಿರುಳು. ಕಾಯಿದೆಯಲ್ಲಿ ಜಪಾನೀಯರ ಹೆಸರಿರಲಿಲ್ಲ. ಹೆಸರಿಸುವ ಅಗತ್ಯವೂ ಇರಲಿಲ್ಲ. ಏಷ್ಯಾದಿಂದ ಬಂದವರಿಗೆ ಪೌರತ್ವವೇ ಇಲ್ಲವೆಂಬುದು ಅಂದಿನ ಕಾನೂನು. ನಮ್ಮ ದೇಶದವರೂ ಇದೇ ಬಲೆಗೆ ಬಿದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿ ಹೋದಾಗ, ಭಾರತೀಯರು 'ಬಿಳಿಯರು' ಎಂಬ ಪದದ ಅರ್ಥದೊಳಗೆ ಬರುವುದಿಲ್ಲವೆಂದು 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಕ್ಯಾಲಿಫೋರ್ನಿಯಾದ ಕಣಿವೆಗಳಲ್ಲಿ ಬೆವರು ಸುರಿಸಿ ಬೆಳೆ ತೆಗೆಯುತ್ತಿದ್ದ ಪಂಜಾಬಿ ರೈತರು ತಮ್ಮ ಹೊಲಗಳನ್ನು ಪರಿಚಯದ ಬಿಳಿಯರ ಹೆಸರಿನಲ್ಲೋ, ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲೋ ಇಟ್ಟುಕೊಂಡು ಬದುಕಬೇಕಾಯಿತು. ಭಾರತೀಯರಿಗೆ ಅಲ್ಲಿ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಆಗ ಪೌರತ್ವ ಪಡೆಯಲು ಅರ್ಹರಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅದೇ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು.

ವೆಬ್ ಬಿಟ್ಟ ಕುರ್ಚಿಗೆ 1939ರ ಆರಂಭದಲ್ಲಿ ಬಂದವರು ಅರ್ಲ್ ವಾರನ್. ನನ್ನ ಲೇಖನದ ನಾಯಕ ಈತನೇ, ಖಳನಾಯಕನೆಂದರೂ ಸಲ್ಲುತ್ತದೆ. ಈ ಎರಡು ಪಾತ್ರಗಳನ್ನೂ ಒಬ್ಬನೇ ಮನುಷ್ಯ ನಿರ್ವಹಿಸಿದ್ದೇ ಈ ಕಥೆಯ ಮಹತ್ವ.

ವಾರನ್ 1891ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದರು. ತಂದೆ ನಾರ್ವೆಯಿಂದ, ತಾಯಿ ಸ್ವೀಡನ್ನಿನಿಂದ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಎಂದರೆ ವಾರನ್ ಸ್ವತಃ ವಲಸಿಗರ ಮಗ. ತಂದೆಗೆ ರೈಲ್ವೆಯಲ್ಲಿ ಕೆಲಸ. ಬಾಲ್ಯ ಕಳೆದದ್ದು ಬೇಕರ್ಸ್‌ಫೀಲ್ಡ್ ಎಂಬ ಧೂಳಿನ ಊರಿನಲ್ಲಿ. ಕಾನೂನು ಓದಿ, 1925ರಲ್ಲಿ ಓಕ್‌ಲ್ಯಾಂಡ್ ನಗರವನ್ನೊಳಗೊಂಡ ಅಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಜಿಲ್ಲೆಯ ಮುಖ್ಯ ಅಭಿಯೋಜಕ, ಆದರು. ಲಂಚಕೋರರನ್ನು ಜೈಲಿಗೆ ಕಳಿಸಿ ಹೆಸರು ಪಡೆದರು. ಅಟಾರ್ನಿ ಜನರಲ್ ಹುದ್ದೆಗೆ ಜಿಲ್ಲೆಯ ಅಭಿಯೋಜಕರ ಮೇಲೂ ಷೆರಿಫರ ಮೇಲೂ ನಿಯಂತ್ರಣಾಧಿಕಾರ ನೀಡುವ ತಿದ್ದುಪಡಿಯನ್ನು ರಾಜ್ಯದ ಸಂವಿಧಾನಕ್ಕೆ 1934ರಲ್ಲಿ ತರಿಸಿದವರಲ್ಲಿ ಅವರೇ ಪ್ರಮುಖರು. ನಾಲ್ಕು ವರ್ಷಗಳ ನಂತರ, ಹೀಗೆ ಬಲಗೊಳಿಸಿದ ಹುದ್ದೆಗೆ ತಾವೇ ಸ್ಪರ್ಧಿಸಿದರು. ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಅಭ್ಯರ್ಥಿ ಹಲವು ಪಕ್ಷಗಳ ಟಿಕೆಟ್ಟಿಗೆ ಏಕಕಾಲದಲ್ಲಿ ನಿಲ್ಲಬಹುದಿತ್ತು. ರಿಪಬ್ಲಿಕನ್ನರಾದ ವಾರನ್ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟನ್ನೂ ಗೆದ್ದುಕೊಂಡರು. ಆ ಚುನಾವಣೆಯ ವರ್ಷವೇ ಅವರ ತಂದೆ ಬೇಕರ್ಸ್‌ಫೀಲ್ಡಿನ ತಮ್ಮ ಮನೆಯಲ್ಲಿ ಕೊಲೆಯಾದರು. ಕೊಂದವರಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಅಧಿಕಾರಕ್ಕೆ ಬಂದ ವಾರನ್ ಕಡಲಲ್ಲಿ ನಿಂತು ಜೂಜು ನಡೆಸುತ್ತಿದ್ದ ಹಡಗುಗಳನ್ನು 1939ರಲ್ಲಿ ಮುತ್ತಿಗೆ ಹಾಕಿ ಮುಚ್ಚಿಸಿದಾಗ ಜನ ಚಪ್ಪಾಳೆ ತಟ್ಟಿದರು. ಒಟ್ಟಿನಲ್ಲಿ ಅವರು ದಕ್ಷರು, ಪ್ರಾಮಾಣಿಕರು, ಜನಪ್ರಿಯರು. ಮುಂದಿನದನ್ನು ಓದುವಾಗ ಇದನ್ನು ಮರೆಯಬಾರದು. ಅನ್ಯಾಯವನ್ನು ದುಷ್ಟರು ಮಾತ್ರ ಮಾಡುತ್ತಾರೆಂದಾಗಿದ್ದರೆ ಜಗತ್ತು ಇಷ್ಟು ಕಷ್ಟದ್ದಾಗುತ್ತಿರಲಿಲ್ಲ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಪೆಸಿಫಿಕ್ ಕರಾವಳಿಯ ಜನರಲ್ಲಿ ಭಯ ಹಬ್ಬಿತು. ಭಯ ನಿಜವಾದದ್ದೇ, ಆದರೆ ಅದು ಹರಿದ ದಿಕ್ಕು ಹಳೆಯ ದ್ವೇಷ ತೋಡಿಟ್ಟ ಕಾಲುವೆಯದು. ಜಪಾನೀ ರೈತರ ತರಕಾರಿ ಬೆಳೆಯ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದ್ದ ಬೆಳೆಗಾರರ ಸಂಘಗಳು, ಪತ್ರಿಕೆಗಳು, ರಾಜಕಾರಣಿಗಳು ಎಲ್ಲರೂ ಒಕ್ಕೊರಲಿನಿಂದ ಅವರನ್ನು ಹೊರಗಟ್ಟಿರೆಂದು ಕೂಗಿದರು. ಅಟಾರ್ನಿ ಜನರಲ್ ವಾರನ್ ಏನು ಮಾಡಿದರು? ರಾಜ್ಯದ ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಂದ ನಕ್ಷೆಗಳನ್ನು ತರಿಸಿಕೊಂಡರು. ಜಪಾನೀ ಮೂಲದವರ ಹೊಲ ಎಲ್ಲಿದೆ, ವಿಮಾನ ಕಾರ್ಖಾನೆ ಎಲ್ಲಿದೆ, ವಿದ್ಯುತ್ ತಂತಿ, ರೈಲುಹಳಿ, ಜಲಾಶಯ ಎಲ್ಲಿವೆ ಎಂದು ಗುರುತು ಹಾಕಿಸಿದರು. 1942ರ ಫೆಬ್ರವರಿ 21ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಚಾರಣೆ ನಡೆಸುತ್ತಿದ್ದ ಸಂಸತ್ತಿನ ಟೋಲನ್ ಸಮಿತಿಯ ಮುಂದೆ ಆ ನಕ್ಷೆಗಳನ್ನಿಟ್ಟು, ಇದು ಆಕಸ್ಮಿಕವಾಗಿರಲಾರದು ಎಂದು ವಾದಿಸಿದರು. ಆ ಹೊಲಗಳಲ್ಲಿ ಎಷ್ಟೋ, ಕಾರ್ಖಾನೆಗಳು ಬರುವುದಕ್ಕೆ ಮೊದಲೇ ಇದ್ದವು. ಹೈಟೆನ್ಷನ್ ತಂತಿಯಡಿಯ ನೆಲ ಯಾರಿಗೂ ಬೇಡವಾಗಿ ಅಗ್ಗಕ್ಕೆ ಸಿಗುತ್ತಿದ್ದುದರಿಂದ ಬಡ ರೈತರು ಅಲ್ಲಿ ಬೆಳೆಯುತ್ತಿದ್ದರು. ನಕ್ಷೆಯ ಚುಕ್ಕೆಗೆ ಇದಾವುದೂ ಗೊತ್ತಿರುವುದಿಲ್ಲ.

ಕರಾವಳಿಯಲ್ಲಿ ಅಲ್ಲಿಯವರೆಗೆ ಒಂದೇ ಒಂದು ವಿಧ್ವಂಸಕ ಕೃತ್ಯವೂ ನಡೆದಿರಲಿಲ್ಲ. ಸಾಮಾನ್ಯ ವಿವೇಕಕ್ಕೆ ಇದು ಆ ಜನರ ನಿಷ್ಠೆಯ ಸಾಕ್ಷಿ. ವಾರನ್ ಇದನ್ನು ತಿರುಗಿಸಿದರು: ಏನೂ ನಡೆಯದಿರುವುದೇ ಅತ್ಯಂತ ಅಪಶಕುನದ ಲಕ್ಷಣ, ಅವರು ಸಮಯ ಕಾಯುತ್ತಿದ್ದಾರೆ ಎಂದರು. ಜರ್ಮನ್, ಇಟಾಲಿಯನ್ ಮೂಲದ ಬಿಳಿಯರ ನಿಷ್ಠೆಯನ್ನು ಪರೀಕ್ಷಿಸುವ ವಿಧಾನ ನಮಗೆ ಗೊತ್ತು, ಜಪಾನೀಯರದು ಗೊತ್ತಾಗದು ಎಂದೂ ಹೇಳಿದರು. ತಪ್ಪು ಮಾಡಿದರೆ ಅಪರಾಧಿ, ಮಾಡದಿದ್ದರೆ ಇನ್ನೂ ದೊಡ್ಡ ಅಪರಾಧಿ ಎಂಬ ಈ ತರ್ಕದ ಮುಂದೆ ಯಾವ ನಿರಪರಾಧಿ ಪಾರಾಗಬಲ್ಲ? ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ಸಾಕ್ಷ್ಯದ ಮಹತ್ವವನ್ನು ಬಲ್ಲ ವಕೀಲರ ಬಾಯಿಂದ ಬಂದ ಮಾತಿದು.

ಅಧ್ಯಕ್ಷ ರೂಸ್‌ವೆಲ್ಟ್ ಎರಡು ದಿನ ಮೊದಲೇ, ಫೆಬ್ರವರಿ 19ರಂದು, 9066ನೆಯ ಆದೇಶಕ್ಕೆ ಸಹಿ ಹಾಕಿ ಸೈನ್ಯಕ್ಕೆ ಜನರನ್ನು ತೆರವುಗೊಳಿಸುವ ಅಧಿಕಾರ ಕೊಟ್ಟಿದ್ದರು. ಕೇಂದ್ರದ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡಲ್ ಇದನ್ನು ವಿರೋಧಿಸಿದ್ದರು, ಎಫ್.ಬಿ.ಐ. ಮುಖ್ಯಸ್ಥ ಹೂವರ್ ಸಹ ಸಾಮೂಹಿಕ ತೆರವು ಅನಗತ್ಯವೆಂದಿದ್ದರು. ಅವರ ಮಾತು ನಡೆಯಲಿಲ್ಲ. ಸುಮಾರು 1,20,000 ಜನರನ್ನು ಅವರ ಮನೆಗಳಿಂದ ಎಬ್ಬಿಸಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಲಾಸ್ ಏಂಜಲೀಸಿನ ಬಳಿಯ ಟರ್ಮಿನಲ್ ದ್ವೀಪದ ಮೀನುಗಾರರಿಗೆ ಸಿಕ್ಕ ಗಡುವು 48 ಗಂಟೆ. ಕೈಯಲ್ಲಿ ಹೊರುವಷ್ಟು ಮಾತ್ರ ಒಯ್ಯಬಹುದಿತ್ತು. ಅಂಗಡಿ, ದೋಣಿ, ಹೊಲದಲ್ಲಿ ನಿಂತ ಬೆಳೆ ಎಲ್ಲವನ್ನೂ ಬಂದ ಬೆಲೆಗೆ ಮಾರಿ, ಮೊದಲು ಕುದುರೆ ರೇಸಿನ ಮೈದಾನಗಳ ಲಾಯಗಳಲ್ಲಿ, ಆಮೇಲೆ ಹತ್ತು ಶಿಬಿರಗಳ ಮುಳ್ಳುತಂತಿಯ ಒಳಗೆ ಅವರು ಯುದ್ಧದ ವರ್ಷಗಳನ್ನು ಕಳೆದರು. ಹಿರಿಯ ತಲೆಮಾರಿನವರಿಗೆ ಮತವಿರಲಿಲ್ಲ, ಪೌರತ್ವವೇ ಇಲ್ಲವಾದ್ದರಿಂದ. ಜಪಾನಿನಲ್ಲಿ ಹುಟ್ಟಿದವರಿಗೆ ಆ ಹಕ್ಕು ದೊರೆತದ್ದು 1952ರಲ್ಲಿ. ಮಕ್ಕಳಲ್ಲಿ ಬಹಳ ಮಂದಿ ಇನ್ನೂ ಮತದ ವಯಸ್ಸಿಗೆ ಬಂದಿರಲಿಲ್ಲ. ಅವರನ್ನು ಹೊರಗಟ್ಟಿದ್ದರಿಂದ ಯಾವ ರಾಜಕಾರಣಿಯೂ ಒಂದು ಮತವನ್ನೂ ಕಳೆದುಕೊಳ್ಳುವಂತಿರಲಿಲ್ಲ.

ಕಳೆದುಕೊಂಡವರು ಬೇರೆಯವರು. ಅದೇ 1942ರ ನವೆಂಬರಿನ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ವಾರನ್ ಅಧಿಕಾರದಲ್ಲಿದ್ದ ಗವರ್ನರರನ್ನು ಸೋಲಿಸಿ ತಾವೇ ಗವರ್ನರರಾದರು. ಕೊಲೊರಾಡೊ ರಾಜ್ಯದ ಗವರ್ನರ್ ರಾಲ್ಫ್ ಕಾರ್, ವಾರನ್ ಅವರಂತೆಯೇ ರಿಪಬ್ಲಿಕನ್, ಸಂವಿಧಾನ ಎಲ್ಲ ಪ್ರಜೆಗಳಿಗೂ ಒಂದೇ ಎಂದು ಹೇಳಿ ಜಪಾನೀ ಮೂಲದವರನ್ನು ತಮ್ಮ ರಾಜ್ಯಕ್ಕೆ ಬರಗೊಟ್ಟವರು, ಸೆನೆಟ್ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಸೋತರು. ಸೋಲಿಗೆ ಒಂದೇ ಕಾರಣವಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕಾರ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ವಾರನ್ ಅವರಾದರೋ 1946ರಲ್ಲಿ ಎರಡೂ ದೊಡ್ಡ ಪಕ್ಷಗಳ ಟಿಕೆಟ್ಟಿನ ಮೇಲೆ, 1950ರಲ್ಲಿ ಮೂರನೆಯ ಬಾರಿಗೆ ಗವರ್ನರರಾಗಿ ಗೆದ್ದರು. 1948ರಲ್ಲಿ ಉಪಾಧ್ಯಕ್ಷ ಪದವಿಯ ಅಭ್ಯರ್ಥಿಯೂ ಆದರು.

ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ವಾರನ್ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದರು. ಅಮೆರಿಕದ ಆ ಪೀಠಕ್ಕೆ ನಿವೃತ್ತಿಯ ವಯಸ್ಸಿಲ್ಲ. ಬದುಕಿರುವವರೆಗೂ ಕೂರಬಹುದು, ಯಾರ ಬಳಿಯೂ ಮತ ಕೇಳಬೇಕಾಗಿಲ್ಲ. ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರಬೇಕೆಂಬ ಕಾನೂನುಗಳ ಮೊಕದ್ದಮೆ ಆಗ ಕೋರ್ಟಿನ ಮುಂದಿತ್ತು. ನ್ಯಾಯಮೂರ್ತಿಗಳಲ್ಲಿ ಒಡಕಿತ್ತು. ವಾರನ್ ಒಬ್ಬೊಬ್ಬರೊಡನೆಯೂ ಮಾತನಾಡಿ, ಒಲಿಸಿ, 1954ರ ಮೇ 17ರಂದು ಒಂಬತ್ತೂ ಜನರ ಒಮ್ಮತದ ತೀರ್ಪನ್ನು ತಾವೇ ಓದಿದರು. ಬ್ರೌನ್ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ತೀರ್ಪು, ಪ್ರತ್ಯೇಕ ಶಾಲೆಗಳು ಸಮಾನವಾಗಿರಲು ಸಾಧ್ಯವೇ ಇಲ್ಲ ಎಂದಿತು. ಆ ಮೊಕದ್ದಮೆಯಲ್ಲಿ ಪ್ರತ್ಯೇಕತೆಯ ಪರವಾಗಿ ಅವರೆದುರು ನಿಂತು ವಾದಿಸಿದವರಲ್ಲಿ ವರ್ಜೀನಿಯಾ ರಾಜ್ಯದ ಅಟಾರ್ನಿ ಜನರಲ್ ಲಿಂಡ್ಸೆ ಆಲ್ಮಂಡ್ ಒಬ್ಬರು. ಆಲ್ಮಂಡ್ ಕೋರ್ಟಿನಲ್ಲಿ ಸೋತರು; ಆದರೆ 1957ರಲ್ಲಿ ತೀರ್ಪಿನ ವಿರುದ್ಧ ಘರ್ಜಿಸಿ ಗವರ್ನರ್ ಚುನಾವಣೆ ಗೆದ್ದರು; 1958ರಲ್ಲಿ ಕರಿಯ ಮಕ್ಕಳನ್ನು ಸೇರಿಸಿಕೊಳ್ಳಬೇಕಾದ ಶಾಲೆಗಳ ಬಾಗಿಲನ್ನೇ ಮುಚ್ಚಿಸಿದರು. ಮರುವರ್ಷ ಕೋರ್ಟುಗಳು ಅದನ್ನೂ ಅಸಿಂಧುವೆಂದ ಮೇಲೆ ಮಣಿದರು. ಹದಿನೈದು ವರ್ಷಗಳ ಹಿಂದೆ ವಾರನ್ ಹತ್ತಿದ ಏಣಿಯನ್ನೇ ಆಲ್ಮಂಡ್ ಹತ್ತಿದ್ದು. ಪೀಠದ ಮೇಲೆ ಕುಳಿತವರು ಕೆಳಗೆ ನಿಂತವರಲ್ಲಿ ತಮ್ಮ ಹಳೆಯ ಮುಖವನ್ನು ಕಂಡರೋ ಇಲ್ಲವೋ ನಾನರಿಯೆ.

ಮುಂದಿನ ಹದಿನೈದು ವರ್ಷ ವಾರನ್ ಕೋರ್ಟು ದುರ್ಬಲರ ಪರವಾಗಿ ನೀಡಿದ ತೀರ್ಪುಗಳು ಒಂದೆರಡಲ್ಲ. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು 1963ರಲ್ಲಿ, ಬಂಧಿತನಿಗೆ ಮೌನವಾಗಿರುವ ಹಕ್ಕಿದೆಯೆಂದು ಪೊಲೀಸರು ಮೊದಲೇ ತಿಳಿಸಬೇಕೆಂದು 1966ರಲ್ಲಿ, ಬೇರೆ ಬಣ್ಣದವರ ನಡುವಣ ವಿವಾಹವನ್ನು ಯಾವ ರಾಜ್ಯವೂ ನಿಷೇಧಿಸಕೂಡದೆಂದು 1967ರಲ್ಲಿ ಅದು ಹೇಳಿತು. ಗವರ್ನರರಾಗಿದ್ದಾಗ ವಾರನ್ ರಾಜ್ಯದ ಮೇಲ್ಮನೆಯಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಕೊಡುವ 1948ರ ಪ್ರಸ್ತಾಪವನ್ನು ವಿರೋಧಿಸಿದ್ದರು. 1964ರಲ್ಲಿ ಅಂಥ ಪ್ರಾತಿನಿಧ್ಯ ಕಡ್ಡಾಯವೆಂಬ ತೀರ್ಪನ್ನು ಸ್ವತಃ ಬರೆದರು. ಒಂದು ಕಾಲಕ್ಕೆ ಎರಡು ಪಕ್ಷಗಳ ಮುದ್ದಿನ ಮಗನಾಗಿದ್ದವರನ್ನು ಪದಚ್ಯುತಗೊಳಿಸಿರೆಂದು ರಸ್ತೆಬದಿಯಲ್ಲಿ ಫಲಕಗಳು ಎದ್ದವು. ಅವರು ಕದಲಲಿಲ್ಲ. ಫಲಕಗಳಿಗೆ ಹೆದರುವ ಕುರ್ಚಿಯಲ್ಲಿ ಅವರೀಗ ಇರಲಿಲ್ಲ.

ಹಾಗಾದರೆ ಮನುಷ್ಯ ಬದಲಾದನೋ, ಕುರ್ಚಿ ಬದಲಾಯಿತೋ? ಮತ ಕೇಳುವವರೆಗೆ ಕೆಟ್ಟವರು, ಮತ ಬೇಡವಾದ ಮೇಲೆ ಒಳ್ಳೆಯವರು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಚರಿತ್ರೆ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಶಿಬಿರಗಳ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಓಕ್‌ಲ್ಯಾಂಡಿನಲ್ಲಿ, ಅಂದರೆ ವಾರನ್ ಹೆಸರು ಗಳಿಸಿದ ಅದೇ ಜಿಲ್ಲೆಯಲ್ಲಿ, 1919ರಲ್ಲಿ ಹುಟ್ಟಿದ ಫ್ರೆಡ್ ಕೋರೆಮಾತ್ಸು ಎಂಬ ಯುವಕ ಮನೆ ಬಿಟ್ಟು ಹೋಗಲು ಒಪ್ಪದೆ ಬಂಧಿತನಾದ. ಯಾವ ಮತದಾರನ ಭಯವೂ ಇಲ್ಲದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಜನ 1944ರ ಡಿಸೆಂಬರಿನಲ್ಲಿ ಆತನ ವಿರುದ್ಧವೇ ತೀರ್ಪು ನೀಡಿದರು. ಭಿನ್ನಮತ ಬರೆದವರು ಮೂವರು. ಆಜೀವ ಪೀಠವೂ ಭಯಕ್ಕೆ ಹೊರತಲ್ಲ. ಭದ್ರವಾದ ಕುರ್ಚಿ ಧೈರ್ಯಕ್ಕೆ ಎಡೆ ಮಾಡಿಕೊಡುತ್ತದೆ, ಧೈರ್ಯವನ್ನು ಕೊಡುವುದಿಲ್ಲ. ಅದು ಕೂತವರ ಒಳಗಿನಿಂದಲೇ ಬರಬೇಕು. ವಾರನ್ ಅವರೊಳಗೆ ಅದು ಎಲ್ಲಿಂದ ಬಂತು? 1942ರ ನೆನಪೂ ಅದಕ್ಕೊಂದು ಕಾರಣವಾಗಿದ್ದೀತೆಂದು ನಾನು ನಂಬುತ್ತೇನೆ. ಆದರೆ ಇದು ನನ್ನ ನಂಬಿಕೆ ಮಾತ್ರ.

ನಂಬಿಕೆಗೆ ಒಂದು ಆಧಾರವುಂಟು. 1974ರಲ್ಲಿ ವಾರನ್ ತೀರಿಕೊಂಡರು. 1977ರಲ್ಲಿ ಹೊರಬಂದ ಅವರ ಆತ್ಮಕಥೆಯಲ್ಲಿ, ಆ ತೆರವಿನ ಆದೇಶಕ್ಕೂ ಅದರ ಪರವಾಗಿ ತಾವು ನುಡಿದ ಸಾಕ್ಷ್ಯಕ್ಕೂ ಆಳವಾಗಿ ಪಶ್ಚಾತ್ತಾಪ ಪಟ್ಟುದನ್ನು ಅವರು ಬರೆದಿದ್ದಾರೆ. ಮನೆ, ಶಾಲೆ, ಗೆಳೆಯರಿಂದ ಕಿತ್ತೊಗೆಯಲ್ಪಟ್ಟ ಮಕ್ಕಳನ್ನು ನೆನೆದು ಮನಸ್ಸು ನೊಂದುದನ್ನೂ ಹೇಳಿದ್ದಾರೆ. ಒಳ್ಳೆಯದು. ಆದರೆ ಆ ಮಾತು ಲೋಕಕ್ಕೆ ಕೇಳಿಸಿದ್ದು ಆಡಿದವರು ಇಲ್ಲವಾದ ಮೇಲೆ, ಘಟನೆಯಾಗಿ 35 ವರ್ಷಗಳ ಮೇಲೆ. ಆ ವೇಳೆಗೆ ಹೊಲ ಕಳೆದುಕೊಂಡ ಹಿರಿಯರಲ್ಲಿ ಎಷ್ಟೋ ಮಂದಿ ಉಳಿದಿರಲಿಲ್ಲ. ಏಣಿ ಹತ್ತಿದವರ ಪಶ್ಚಾತ್ತಾಪ ಏಣಿಯ ಕೆಳಗೆ ಸಿಕ್ಕಿಕೊಂಡವರನ್ನು ಸಕಾಲಕ್ಕೆ ತಲುಪುವುದು ಅಪರೂಪ.

ತಲುಪಿಸಿದವರು ಆ ಜನರ ಮಕ್ಕಳು, ಮೊಮ್ಮಕ್ಕಳು. ಹಿರಿಯರು ನಾಚಿಕೆಯಿಂದ ಮುಚ್ಚಿಟ್ಟ ಕಥೆಯನ್ನು ಅವರು ಬಿಚ್ಚಿಸಿದರು, ಹಳೆಯ ಕಡತಗಳನ್ನು ಹುಡುಕಿಸಿದರು. ಸರ್ಕಾರವೇ ಕೋರ್ಟಿನಿಂದ ಸತ್ಯವನ್ನು ಮರೆಮಾಚಿತ್ತೆಂಬುದು ಆ ಕಡತಗಳಿಂದ ಹೊರಬಿದ್ದು, 1983ರಲ್ಲಿ ಕೋರೆಮಾತ್ಸು ಅವರ ಮೇಲಿನ ಅಪರಾಧ ನಿರ್ಣಯ ರದ್ದಾಯಿತು. ಸಂಸತ್ತು ನೇಮಿಸಿದ ಆಯೋಗ, ಇದು ಸೈನಿಕ ಅಗತ್ಯದಿಂದ ಆದುದಲ್ಲ, ಜನಾಂಗದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲಿನಿಂದ ಆದುದು ಎಂದು ತೀರ್ಮಾನಿಸಿತು. 1988ರಲ್ಲಿ ದೇಶ ಕಾಯಿದೆಯ ಮೂಲಕ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರು ಕೊಡಲು ಒಪ್ಪಿತು. 1944ರ ತೀರ್ಪು ಅಂದೇ ಘೋರ ತಪ್ಪಾಗಿತ್ತೆಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2018ರಲ್ಲಿ. ಅದೂ ಹಲವು ಮುಸ್ಲಿಂ ದೇಶಗಳವರ ಪ್ರವೇಶ ನಿರ್ಬಂಧವನ್ನು ಎತ್ತಿಹಿಡಿದ ತೀರ್ಪಿನೊಳಗೆ.

ಇದು ಅಮೆರಿಕದ ಕಥೆ, ನಮಗೇನು ಎಂದು ಕೆಲವರು ಕೇಳಬಹುದು. ನಮ್ಮ ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ನಾವು ಪರಕೀಯರಲ್ಲ, ನಮಗೆ ಮತವಿದೆ. ನಿಜ. ಶಿಬಿರದ ಮುಳ್ಳುತಂತಿಗೂ ನಮ್ಮ ಅನುಭವಕ್ಕೂ ಹೋಲಿಕೆಯಿಲ್ಲ. ಅಂಥ ಹೋಲಿಕೆ ಅವರ ನೋವಿಗೆ ಅವಮಾನ. ಆದರೆ 1962ರ ಯುದ್ಧದ ಹೊತ್ತಿನಲ್ಲಿ ನಮ್ಮ ದೇಶವೂ ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಿತೆಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಪಟ್ಟಿಯ ರುಚಿಯನ್ನಂತೂ ಈ ಮುಂಬಯಿಯ ಕನ್ನಡಿಗರು ಬಲ್ಲರು. 1960ರ ದಶಕದಲ್ಲಿ ಇಲ್ಲಿಯ ಒಂದು ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. ಉಡುಪಿ ಹೋಟೆಲುಗಳ ಗಾಜುಗಳು ಒಡೆದವು. ಪಟ್ಟಿಯಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ವಾರನ್ ಅವರ ನಕ್ಷೆಯಲ್ಲೂ ಹೊಲಗಳು ಇದ್ದಲ್ಲೇ ಇದ್ದವು. ಹೆಸರುಗಳನ್ನು ಒಂದೆಡೆ ಸಾಲಾಗಿ ಬರೆದು, ಇದು ಆಕಸ್ಮಿಕವೇ ಎಂದು ಕೇಳಿದರೆ ಸಾಕು. ಉಳಿದದ್ದನ್ನು ಭಯ ತಾನೇ ಬರೆದುಕೊಳ್ಳುತ್ತದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿದ್ದಾಗ, ತಮಿಳುನಾಡಿನಲ್ಲಿದ್ದ ಕನ್ನಡಿಗರು ಅದಕ್ಕೆ ಬೆಲೆ ತೆತ್ತರು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯದ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ರೈಲು ಹತ್ತಿದರು. ಒಳನಾಡಿನಲ್ಲಿ ಬಹುಸಂಖ್ಯಾತರಾದ ನಾವೇ ಹೊರನಾಡಿನಲ್ಲಿ ಅಲ್ಪಸಂಖ್ಯಾತರು. ಈ ಎರಡು ಪಾತ್ರಗಳ ಅನುಭವವೂ ಒಂದೇ ಮೈಯಲ್ಲಿರುವುದು ನಮ್ಮ ಭಾಗ್ಯವೆಂದೇ ನಾನು ತಿಳಿಯುತ್ತೇನೆ. ವಾರನ್ ಅವರಿಗೂ ಅಂಥ ಅನುಭವ ಹತ್ತಿರದಲ್ಲೇ ಇತ್ತು. ಅವರ ತಂದೆತಾಯಿ ಬೇರೆ ನೆಲದಿಂದ ಬಂದವರು. 1942ರಲ್ಲಿ ಅವರು ಅದನ್ನು ನೆನೆಯಲಿಲ್ಲ.

ನಮ್ಮ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳನ್ನು ನಡೆಸುವುದರಲ್ಲಿ ಹಿಂದೆ ಬಿದ್ದಿಲ್ಲ. ಅವುಗಳ ಜೊತೆಗೆ ಎರಡು ಕೆಲಸ ಆಗಬೇಕೆಂದು ನನ್ನ ವಿನಂತಿ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು, ಬದುಕುವ ಊರಿನಲ್ಲಿ ಮತವಿಲ್ಲದೆ ಇರುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಇಲ್ಲಿಯ ಪಟ್ಟಿಗೆ ಹೆಸರು ಸೇರಿಸಿಕೊಳ್ಳಬೇಕು. ಮತವಿಲ್ಲದ ಜನ ಯಾವ ಅಧಿಕಾರಿಯ ಲೆಕ್ಕಕ್ಕೂ ಬರುವುದಿಲ್ಲ ಎಂಬುದನ್ನು ಮೇಲಿನ ಕಥೆ ಸಾಕಷ್ಟು ಹೇಳಿದೆ. ಎರಡನೆಯದು ಇದಕ್ಕಿಂತ ಕಷ್ಟದ್ದು. ನಾಳೆ ಇದೇ ಬೀದಿಯಲ್ಲಿ ಯಾರೋ ಬೇರೆಯವರ, ಬಿಹಾರದವರದೋ ಬಂಗಾಳದವರದೋ, ಪಟ್ಟಿ ತಯಾರಾದಾಗ, ಅದರಲ್ಲಿ ನಮ್ಮ ಹೆಸರಿಲ್ಲವೆಂಬ ನೆಮ್ಮದಿಯಿಂದ ಬಾಗಿಲು ಮುಚ್ಚಿಕೊಳ್ಳದಿರುವುದು. ಕೊಲೊರಾಡೊದ ರಾಲ್ಫ್ ಕಾರ್ ಮಾಡಿದ್ದು ಅಷ್ಟೇ. ಅದಕ್ಕೆ ಯಾವ ಪದವಿಯೂ ಬೇಕಿಲ್ಲ. ಮುಂದಿನ ಸಂಚಿಕೆಯಲ್ಲಿ ಓದುಗರು ತಮ್ಮ ಊರು, ತಮ್ಮ ಬೀದಿಗಳ ಅನುಭವವನ್ನು ಬರೆದು ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇನೆ.

— ಸಂಪಾದಕ